ಕೆಜಿಎಫ್ ಲೈನ್‌ಗಳಿಗೆ ಬುದ್ಧ ಬಂದದ್ದು ಹೇಗೆ?

ಜನಗಣತಿ ಮತ್ತೆ ಬರುತ್ತಿದೆ. 2027ರ ಗಣತಿಯಲ್ಲಿ ಎಲ್ಲರ ಜಾತಿಯನ್ನೂ ಬರೆದುಕೊಳ್ಳುತ್ತಾರೆ. ದೇಶದ ಎಲ್ಲ ಜಾತಿಗಳ ಲೆಕ್ಕ ಕೊನೆಯ ಸಲ ಪೂರ್ತಿಯಾಗಿ ಸಿಕ್ಕಿದ್ದು 1931ರಲ್ಲಿ. ಕರ್ನಾಟಕದಲ್ಲಂತೂ 2025ರಲ್ಲೇ ಎರಡು ಸಮೀಕ್ಷೆ ನಡೆದವು. ಒಂದು ಪರಿಶಿಷ್ಟ ಜಾತಿಗಳ ಒಳಮೀಸಲಾತಿಗೆ, ಇನ್ನೊಂದು ಎಲ್ಲರ ಸಾಮಾಜಿಕ ಮತ್ತು ಶೈಕ್ಷಣಿಕ ಸ್ಥಿತಿಗತಿಗೆ. ಗಣತಿದಾರರು ಬಾಗಿಲಿಗೆ ಬಂದಾಗ ಧರ್ಮದ ಕಾಲಂನಲ್ಲಿ ಏನು ಬರೆಸೋದು, ಜಾತಿಯ ಕಾಲಂನಲ್ಲಿ ಏನು ಬರೆಸೋದು ಎಂಬ ಚರ್ಚೆ ಎಷ್ಟೋ ಮನೆಗಳಲ್ಲಿ ನಡೆಯಿತು. ದಲಿತರ ಮನೆಗಳಲ್ಲಿ ಅದು ಜಾಸ್ತಿಯೇ ನಡೆಯಿತು.

ಈ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಅದನ್ನು ಮೊದಲು ಗಟ್ಟಿಯಾಗಿ ಕೇಳಿದವರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಕೂಲಿಕಾರರೂ ಇದ್ದರು. ‘ನಾವು ಬೌದ್ಧರು, ಹಾಗೇ ಬರೆದುಕೊಳ್ಳಿ’ ಎಂದು ಅವರು ಹೇಳಿದ್ದು 1956ರಲ್ಲಿ ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆಯುವುದಕ್ಕಿಂತ ಸುಮಾರು ಐವತ್ತು ವರ್ಷ ಮೊದಲು. ಮದ್ರಾಸಿನಲ್ಲಿ ಹುಟ್ಟಿ ಕೆಜಿಎಫ್‌ನಲ್ಲಿ ಬೇರು ಬಿಟ್ಟ ಆ ಚಳುವಳಿಯ ಹೆಸರು ಶಾಕ್ಯ ಬೌದ್ಧ ಸಂಘ. ಅದನ್ನು ಕಟ್ಟಿದವರು ಪಂಡಿತ ಅಯೋತಿ ದಾಸರು.

ಮೊದಲು ಒಂದಿಷ್ಟು ಹೆಸರುಗಳು

‘ದಲಿತ’ ಎಂಬ ಹೆಸರು ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ಅಸ್ಪೃಶ್ಯರೆಂದು ದೂರ ಇಟ್ಟ ಸಮುದಾಯಗಳಲ್ಲಿ ದೊಡ್ಡದು ಪರೈಯರ್ ಸಮುದಾಯ. ಆ ಹೆಸರನ್ನೇ ಜನ ಬೈಗುಳವಾಗಿ ಬಳಸುತ್ತಿದ್ದರು. ಸರ್ಕಾರಿ ಕಾಗದಗಳಲ್ಲಿ ಇಂಥ ಎಲ್ಲರನ್ನೂ ಸೇರಿಸಿ ‘ಪಂಚಮರು’ ಎಂದು ಬರೆಯುತ್ತಿದ್ದರು. ನಾಲ್ಕು ವರ್ಣಗಳ ಆಚೆಗಿನ ಐದನೆಯವರು ಎಂದು ಅರ್ಥ.

ಆ ಕಾಲದಲ್ಲಿ ಸುಧಾರಣೆ ಎರಡು ದಾರಿಯಲ್ಲಿ ನಡೆಯಿತು. ಒಂದು, ಮೇಲ್ಜಾತಿಯ ಒಳ್ಳೆಯ ಮನಸ್ಸಿನವರು ಕೆಳಗಿನವರಿಗಾಗಿ ಮಾಡಿದ್ದು. ಮಂಗಳೂರಿನ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಅದಕ್ಕಾಗಿ ತಮ್ಮ ಜಾತಿಯವರಿಂದ ಬಹಿಷ್ಕಾರವನ್ನೂ ಅನುಭವಿಸಿದರು. ಅದು ಸಣ್ಣ ಕೆಲಸ ಅಲ್ಲವೇ ಅಲ್ಲ. ಇನ್ನೊಂದು ದಾರಿ, ಆ ಸಮುದಾಯಗಳವರೇ ತಮ್ಮ ದುಡ್ಡು, ತಮ್ಮ ಸಭೆ, ತಮ್ಮ ಪತ್ರಿಕೆ ಕಟ್ಟಿಕೊಂಡು ಮಾಡಿದ್ದು. ಶಾಲಾ ಪುಸ್ತಕಗಳಲ್ಲಿ ಮೊದಲನೆಯದಕ್ಕೆ ಜಾಗ ಸಿಗುತ್ತದೆ. ಎರಡನೆಯದು ಎಷ್ಟೋ ಸಲ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಅದಕ್ಕೇ ಇಲ್ಲಿ ಎರಡನೆಯದನ್ನು ಹೇಳುತ್ತಿದ್ದೇನೆ.

ಔಷಧ ಕೊಡುವ ಪಂಡಿತರು

ಅಯೋತಿ ದಾಸರು ಹುಟ್ಟಿದ್ದು 1845ರಲ್ಲಿ, ಪರೈಯರ್ ಸಮುದಾಯದಲ್ಲಿ. ಮನೆಯವರು ಇಟ್ಟ ಹೆಸರು ಕಾತವರಾಯನ್. ತಮಗೆ ಪಾಠ ಹೇಳಿದ ಗುರುವಿನ ಹೆಸರನ್ನೇ ಮುಂದೆ ಅವರು ತಮ್ಮದಾಗಿ ಮಾಡಿಕೊಂಡರು. ಅಜ್ಜ ಕಂದಪ್ಪನ್ ಬ್ರಿಟಿಷ್ ಅಧಿಕಾರಿಯೊಬ್ಬರ ಮನೆಯಲ್ಲಿ ಬಟ್ಲರ್. ಆ ಮನೆಯಲ್ಲಿ ತಾಳೆಗರಿಗಳ ಸಂಗ್ರಹವೇ ಇತ್ತು. ತಿರುಕ್ಕುರಳ್‌ನ ಗರಿಗಳನ್ನು ಅಚ್ಚಿಗಾಗಿ ಇಂಗ್ಲಿಷರ ಕೈಗೆ ತಲುಪಿಸಿದವರು ತಮ್ಮ ಅಜ್ಜ ಎಂದು ದಾಸರು ಬರೆದಿದ್ದಾರೆ.

ವೃತ್ತಿಯಿಂದ ಅವರು ಸಿದ್ಧವೈದ್ಯರು, ಅಂದರೆ ತಮಿಳರ ಸಾಂಪ್ರದಾಯಿಕ ಔಷಧ ಕೊಡುವವರು. ತಮಿಳು, ಸಂಸ್ಕೃತ, ಪಾಳಿ, ಇಂಗ್ಲಿಷ್ ಓದಬಲ್ಲವರು. ಮುಂದೆ ತಮಿಳಿನ ದೊಡ್ಡ ಬರಹಗಾರರೂ ಕಾರ್ಮಿಕ ನಾಯಕರೂ ಆದ ತಿರು.ವಿ. ಕಲ್ಯಾಣಸುಂದರಂ ಚಿಕ್ಕವರಿದ್ದಾಗ ಇವರ ಔಷಧದಿಂದ ಗುಣವಾದವರು. ಜಾತಿ ಯಾವುದಾದರೇನು, ಕಾಯಿಲೆ ಬಂದಾಗ ಜನ ಪಂಡಿತರ ಬಾಗಿಲಿಗೆ ಬರುತ್ತಿದ್ದರು. ಆದರೆ ಅದೇ ಪಂಡಿತರು ದೇವಸ್ಥಾನದ ಬಾಗಿಲಿಗೆ ಹೋಗುವಂತಿರಲಿಲ್ಲ.

ಶುರುವಿನಲ್ಲಿ ಅವರೇನೂ ಬೌದ್ಧರಲ್ಲ. 1870ರ ದಶಕದಲ್ಲಿ ನೀಲಗಿರಿಯಲ್ಲಿ ಒಂದು ಅದ್ವೈತ ಸಭೆಯನ್ನೇ ನಡೆಸಿದ್ದರು. ಎಲ್ಲರಲ್ಲೂ ಇರುವುದು ಒಂದೇ ಎಂದು ಹೇಳುವ ತತ್ವ ಜಾತಿಯನ್ನೂ ಅಳಿಸೀತು ಎಂಬ ನಂಬಿಕೆ ಇದ್ದಿರಬೇಕು. 1891ರಲ್ಲಿ ಅವರು ದ್ರಾವಿಡ ಮಹಾಜನ ಸಭೆ ಕಟ್ಟಿದರು. ಅದೇ ವರ್ಷ ಊಟಿಯಲ್ಲಿ ಸಮ್ಮೇಳನ ನಡೆಸಿ ಹತ್ತು ಬೇಡಿಕೆಗಳ ಪಟ್ಟಿ ಮಾಡಿದರು. ಊರ ಬಾವಿ, ಕೆರೆಯ ನೀರು ನಮಗೂ ಬೇಕು. ಮಕ್ಕಳಿಗೆ ಶಾಲೆ ಬೇಕು. ನಮ್ಮ ಜಾತಿಯ ಹೆಸರು ಹಿಡಿದು ಹೀಗಳೆಯುವವರಿಗೆ ಶಿಕ್ಷೆ ಆಗಬೇಕು. ಜೈಲಿನಲ್ಲಿ ಕೀಳು ಕೆಲಸವನ್ನೆಲ್ಲ ನಮ್ಮವರ ತಲೆಗೇ ಕಟ್ಟುವ ನಿಯಮ ಹೋಗಬೇಕು. ಇವತ್ತು ಓದಿದರೂ ಇವುಗಳಲ್ಲಿ ಒಂದೂ ಜಾಸ್ತಿ ಅನ್ನಿಸುವುದಿಲ್ಲ.

ಮದ್ರಾಸಿನ ಸಭೆಯಲ್ಲಿ ಒಂದು ಪ್ರಶ್ನೆ

1892ರಲ್ಲಿ ಮದ್ರಾಸಿನ ವಿಕ್ಟೋರಿಯಾ ಹಾಲ್‌ನಲ್ಲಿ ಮದ್ರಾಸ್ ಮಹಾಜನ ಸಭೆ ಸೇರಿತ್ತು. ವಕೀಲರು, ಜಮೀನ್ದಾರರು, ಓದಿದವರು ಇದ್ದ ದೊಡ್ಡ ಸಂಸ್ಥೆ ಅದು. ನೀಲಗಿರಿಯ ಪ್ರತಿನಿಧಿಯಾಗಿ ಅಯೋತಿ ದಾಸರೂ ಹೋಗಿದ್ದರು. ಅಲ್ಲಿ ನಡೆದದ್ದನ್ನು ಅವರೇ ಮುಂದೆ ತಮ್ಮ ಪತ್ರಿಕೆಯಲ್ಲಿ ಬರೆದರು.

ಅವರು ಎದ್ದು ನಿಂತು ಕೇಳಿದ್ದು ಇಷ್ಟೇ: ಶಿವ, ವಿಷ್ಣು ಎಲ್ಲರ ದೇವರು ಎನ್ನುತ್ತೀರಿ, ಹಾಗಿದ್ದರೆ ಆ ದೇವಸ್ಥಾನಗಳಿಗೆ ನಮ್ಮನ್ನು ಯಾಕೆ ಬಿಡುವುದಿಲ್ಲ? ಸಭೆಯಲ್ಲಿ ಗದ್ದಲವೆದ್ದಿತು. ಒಬ್ಬರು ಎದ್ದು, ನಿಮಗೆ ನಿಮ್ಮದೇ ಗ್ರಾಮದೇವತೆಗಳಿದ್ದಾರಲ್ಲ, ಶಿವ, ವಿಷ್ಣು ನಿಮಗೆ ಸಲ್ಲುವವರಲ್ಲ ಎಂದರು. ಹಾಗಾದರೆ ನಿಮ್ಮ ದೇವರು ನಮಗೆ ಬೇಡ ಎಂದರು ದಾಸರು. ನಮ್ಮ ಮಕ್ಕಳಿಗೆ ನಾಲ್ಕನೇ ತರಗತಿಯವರೆಗೆ ಉಚಿತ ಶಿಕ್ಷಣ, ಪಾಳು ಬಿದ್ದ ಸರ್ಕಾರಿ ಜಮೀನು, ಇವೆರಡನ್ನಾದರೂ ಕೊಡಿಸಿ ಎಂದು ಕೇಳಿದರು. ಅದಕ್ಕೆ ಸಭೆ ಒಪ್ಪಿತು.

ಈ ಘಟನೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಆ ಉತ್ತರ. ನಿಮ್ಮ ದೇವರು ಬೇರೆ ಎಂದು ಹೊರಗಿಟ್ಟವರು ಅವರೇ. ಬೇರೆ ಎಂದಾದರೆ ನಾವು ಯಾರು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ, ಅಲ್ವಾ? ಮುಂದಿನ ಕೆಲವು ವರ್ಷ ದಾಸರು ಈ ಪ್ರಶ್ನೆಯ ಬೆನ್ನು ಬಿದ್ದರು.

ಬುದ್ಧನೇ ಏಕೆ?

ಆಗ ಅಡ್ಯಾರ್‌ನ ಥಿಯಾಸಾಫಿಕಲ್ ಸೊಸೈಟಿಯಲ್ಲಿ ಕರ್ನಲ್ ಆಲ್ಕಾಟ್ ಎಂಬ ಅಮೆರಿಕದವರಿದ್ದರು. ಅವರು 1880ರಲ್ಲಿ ಸಿಂಹಳದಲ್ಲಿ ಬೌದ್ಧರ ಐದು ನಿಯಮಗಳಾದ ಪಂಚಶೀಲ ಸ್ವೀಕರಿಸಿದ್ದವರು. 1894ರಲ್ಲಿ ಮದ್ರಾಸಿನಲ್ಲಿ ಪಂಚಮ ಮಕ್ಕಳಿಗೆ ಉಚಿತ ಶಾಲೆ ತೆರೆದಿದ್ದವರು. 1898ರಲ್ಲಿ ಅಯೋತಿ ದಾಸರು ಮತ್ತು ಶಾಲಾ ಮೇಷ್ಟ್ರು ಕೃಷ್ಣಸ್ವಾಮಿ ಇಬ್ಬರೂ ಆಲ್ಕಾಟ್ ಅವರನ್ನು ಕಂಡು, ನಾವು ಮೂಲತಃ ಬೌದ್ಧರು, ಆ ಧರ್ಮಕ್ಕೆ ಮರಳಬೇಕು ಎಂದು ಹೇಳಿದರು. ಆಲ್ಕಾಟ್ ಜೊತೆ ಕೊಲಂಬೊಗೆ ಹೋದರು. ಅಲ್ಲಿನ ಹಿರಿಯ ಭಿಕ್ಷು ಸುಮಂಗಲ ನಾಯಕ ಥೇರರಿಂದ ಪಂಚಶೀಲ ಪಡೆದರು. ಮರಳಿ ಬಂದು ಮದ್ರಾಸಿನ ರಾಯಪೇಟೆಯಲ್ಲಿ ಶಾಕ್ಯ ಬೌದ್ಧ ಸಂಘ ತೆರೆದರು. ಶಾಕ್ಯ ಎಂದರೆ ಬುದ್ಧ ಹುಟ್ಟಿದ ಕುಲ.

ಇಲ್ಲಿ ‘ಮರಳಬೇಕು’ ಎಂಬುದನ್ನು ಗಮನಿಸಿ. ಮತಾಂತರ ಎಂದು ಅವರು ಹೇಳಲಿಲ್ಲ. ಅವರ ವಾದ ಹೀಗಿತ್ತು: ತಮಿಳು ನಾಡಿನಲ್ಲಿ ಹಿಂದೆ ಬೌದ್ಧ ಧರ್ಮ ಬಲವಾಗಿತ್ತು. ನಮ್ಮ ಪೂರ್ವಿಕರು ಆ ಧರ್ಮದವರು, ಜಾತಿ ಇಲ್ಲದವರು. ಬೌದ್ಧ ಧರ್ಮ ಸೋತಾಗ, ಅದನ್ನು ಬಿಡದೆ ಉಳಿದವರನ್ನು ಊರಾಚೆ ದಬ್ಬಿ ಕೀಳು ಜಾತಿ ಎಂದು ಕರೆದರು. ಅಂದರೆ ನಾವು ಹುಟ್ಟಿನಿಂದ ಕೀಳಲ್ಲ, ಸೋತವರು ಅಷ್ಟೇ. ಅದಕ್ಕೇ ಅವರು ತಮ್ಮವರನ್ನು ‘ಪೂರ್ವ ಬೌದ್ಧರು’, ‘ಜಾತಿಭೇದವಿಲ್ಲದ ದ್ರಾವಿಡರು’ ಎಂದು ಕರೆದರು.

ಇದಕ್ಕೆ ಆಧಾರ ಎಲ್ಲಿಂದ ತರುವುದು? ಶಾಸನ ಬರೆಸುವಷ್ಟು, ಪುರಾಣ ಬರೆಸುವಷ್ಟು ಅಧಿಕಾರ ಆ ಜನರ ಕೈಲಿ ಇರಲಿಲ್ಲ. ಪಹಣಿ ಕಳೆದುಹೋದ ಮನೆಯವರು ಏನು ಮಾಡುತ್ತಾರೆ? ಬದುವಿನ ಕಲ್ಲು, ಹಾಳುಬಿದ್ದ ಬಾವಿ, ಮುತ್ತಜ್ಜ ನೆಟ್ಟ ಹುಣಸೇಮರ ತೋರಿಸಿ ‘ಈ ಹೊಲ ನಮ್ಮದು’ ಎನ್ನುತ್ತಾರೆ. ದಾಸರು ಮಾಡಿದ್ದೂ ಅದನ್ನೇ. ಹಬ್ಬ, ಆಚರಣೆ, ಗಾದೆ, ಔಷಧದ ಗರಿ, ಹಳೆಯ ಕಾವ್ಯ, ಊರಿನ ಹೆಸರು, ಎಲ್ಲವನ್ನೂ ಸಾಕ್ಷಿ ಮಾಡಿದರು.

ಅವರ ಓದಿನಲ್ಲಿ ದೀಪಾವಳಿ ನರಕಾಸುರನ ಕತೆಯಲ್ಲ. ಬೌದ್ಧ ಭಿಕ್ಷುಗಳು ಎಳ್ಳೆಣ್ಣೆ ತೆಗೆಯುವುದನ್ನು ಕಂಡುಕೊಂಡು, ಜನ ಅದನ್ನು ಮೈಗೆ ಹಚ್ಚಿ ಸ್ನಾನ ಮಾಡಿದ ದಿನ. ಆಷಾಢದಲ್ಲಿ ಪೂಜೆ ಪಡೆಯುವ ಅಮ್ಮ, ರೋಗಿಗಳ ಆರೈಕೆ ಮಾಡಿದ ಒಬ್ಬ ಬೌದ್ಧ ಭಿಕ್ಷುಣಿ. ಇನ್ನೊಂದು ಸಾಕ್ಷಿ ಬಹಳ ಕುತೂಹಲದ್ದು. ಚೇರಿಯೊಳಗೆ, ಅಂದರೆ ತಮಿಳು ನಾಡಿನ ದಲಿತರ ಕೇರಿಯೊಳಗೆ, ಬ್ರಾಹ್ಮಣರು ಕಾಲಿಟ್ಟರೆ ಅವರನ್ನು ಓಡಿಸಿ, ಸಗಣಿ ನೀರು ಚೆಲ್ಲಿ ಶುದ್ಧ ಮಾಡುವ ಪದ್ಧತಿ ಇತ್ತು. ನಾವು ಹುಟ್ಟಾ ಕೀಳಾಗಿದ್ದರೆ ಇಂಥ ಪದ್ಧತಿ ಯಾಕೆ ಇರುತ್ತಿತ್ತು, ಇದು ಹಳೇ ಹಗೆತನದ ಗುರುತು ಎಂದು ದಾಸರು ವಾದಿಸಿದರು. ನಮ್ಮ ಹಾಸನ ಸೀಮೆಯ ಹೊಲಗೇರಿಗಳಲ್ಲೂ ಇದೇ ಬಗೆಯ ಪದ್ಧತಿ ಇತ್ತೆಂದು 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬರು ದಾಖಲಿಸಿದ್ದಾರೆ.

ಇದೆಲ್ಲ ನಿಜವೇ? ಒಂದು ಮಾತು ನಿಜ, ತಮಿಳು ನಾಡಿನಲ್ಲಿ ಬೌದ್ಧ ಧರ್ಮ ದೊಡ್ಡದಾಗಿ ಇತ್ತು. ‘ಮಣಿಮೇಖಲೈ’ ಬೌದ್ಧ ಕಾವ್ಯ. ನಾಗಪಟ್ಟಣದಲ್ಲಿ ಚೋಳರ ಕಾಲದಲ್ಲೂ ದೊಡ್ಡ ವಿಹಾರವಿತ್ತು. ಆದರೆ ಒಂದು ನಿರ್ದಿಷ್ಟ ಜಾತಿಯೇ ಆ ಬೌದ್ಧರ ವಂಶ ಎಂಬುದಕ್ಕೆ ನೇರ ಪುರಾವೆ ಸಿಕ್ಕಿಲ್ಲ. ಪದಗಳನ್ನು ಒಡೆದು ಅವರು ಹೇಳಿದ ಅರ್ಥಗಳಲ್ಲಿ ಎಷ್ಟೋ ಭಾಷಾಶಾಸ್ತ್ರಕ್ಕೆ ಒಗ್ಗುವುದಿಲ್ಲ. ಹಾಗಂತ ಅವರ ಕೆಲಸ ಸುಮ್ನೆ ಕಟ್ಟುಕತೆ ಎನ್ನುವುದೂ ಸರಿಯಲ್ಲ. ನಿಮ್ಮ ಪಾಡಿಗೆ ಹಿಂದಿನ ಜನ್ಮದ ಕರ್ಮ ಕಾರಣ ಎಂದು ಸಾವಿರ ವರ್ಷ ಕೇಳಿಸಿಕೊಂಡವರಿಗೆ, ಇದಕ್ಕೆ ಕಾರಣ ಕರ್ಮವಲ್ಲ, ಚರಿತ್ರೆ ಎಂದು ಹೇಳಿದ್ದು ಸಣ್ಣದಲ್ಲ. ಕರ್ಮವನ್ನು ಅನುಭವಿಸಬೇಕು. ಚರಿತ್ರೆಯನ್ನು ಬದಲಿಸಬಹುದು.

ಗಣಿಯಲ್ಲೇ ಏಕೆ ಬೇರು ಬಿಟ್ಟಿತು?

ಸಂಘದ ಶಾಖೆಗಳು ಬೆಂಗಳೂರು, ತಿರುಪ್ಪತ್ತೂರು, ರಂಗೂನ್, ದಕ್ಷಿಣ ಆಫ್ರಿಕಾದ ಡರ್ಬನ್‌ವರೆಗೂ ಹಬ್ಬಿದವು. ಕೂಲಿಗಾಗಿ ತಮಿಳರು ಎಲ್ಲಿ ಹೋದರೋ ಅಲ್ಲಿಗೆ. ಆದರೆ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು ಕೋಲಾರದ ಚಿನ್ನದ ಗಣಿಯಲ್ಲಿ, ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್‌ನಲ್ಲಿ.

ಕಾರಣ ಹುಡುಕಿದರೆ ಗಣಿಯ ಬದುಕಲ್ಲೇ ಸಿಗುತ್ತದೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಆಳದ ಗಣಿಗಾರಿಕೆ ಶುರು ಮಾಡಿತು. ನೆಲದಡಿ ಇಳಿಯಲು ಸಾವಿರಾರು ಜನ ಬೇಕಾದರು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಜಮೀನಿಲ್ಲದ ದಲಿತ ಕುಟುಂಬಗಳು ಬಂದವು. ಊರಿನಲ್ಲಿ ಅವರು ಜಮೀನ್ದಾರನ ಜೀತದಾಳು. ಇಲ್ಲಿ ಕೈಗೆ ಕೂಲಿ ಕಾಸು ಸಿಗುತ್ತಿತ್ತು. ಅಲ್ಲಿ ಊರಾಚೆಯ ಚೇರಿ. ಇಲ್ಲಿ ಸಾಲು ಮನೆಗಳ ‘ಲೈನ್’, ಅಕ್ಕಪಕ್ಕದವರೆಲ್ಲ ನಮ್ಮವರೇ. ಎದುರು ನಿಂತು ಗದರಲು ಊರ ಗೌಡ ಇರಲಿಲ್ಲ.

ಹಾಗಂತ ಗಣಿ ಸ್ವರ್ಗವೇನಲ್ಲ. ಬಂಡೆ ಸಿಡಿದು ಸಾಯುವುದು, ಕಲ್ಲುಪುಡಿ ಕುಡಿದು ಶ್ವಾಸಕೋಶ ಹಾಳಾಗುವುದು ಎರಡೂ ಇತ್ತು. ಶಿವನಸಮುದ್ರದಿಂದ 1902ರಲ್ಲಿ ಕರೆಂಟ್ ಬಂದದ್ದು ಮೊದಲು ಗಣಿಯ ಯಂತ್ರಗಳಿಗೆ, ಲೈನ್‌ಗಳಿಗಲ್ಲ. ಆದರೂ ಹಳ್ಳಿಯಲ್ಲಿ ಸಾಧ್ಯವಿಲ್ಲದ ಒಂದು ಇಲ್ಲಿ ಸಾಧ್ಯವಿತ್ತು. ನಾಲ್ಕು ಜನ ಸೇರಿ ಚಂದಾ ಎತ್ತಿ, ಒಂದು ಕೋಣೆ ಮಾಡಿ, ಬೋರ್ಡು ಹಾಕಿ, ಇದು ನಮ್ಮ ಸಂಘ ಎನ್ನಬಹುದಿತ್ತು. ಎಂ.ವೈ. ಮುರುಗೇಶರ್, ಎ.ಪಿ. ಪೆರಿಯಸಾಮಿ ಪುಲವರ್, ಜಿ. ಅಪ್ಪಾದುರೈಯಾರ್ ಮೊದಲಾದವರು ಇಲ್ಲಿನ ಸಂಘವನ್ನು ಬೆಳೆಸಿದರು.

ಒಂದು ಪೈಸೆಯ ವಾರಪತ್ರಿಕೆ

ದೂರದೂರದ ಶಾಖೆಗಳನ್ನು ಹೊಲಿದು ಹಿಡಿದದ್ದು ಒಂದು ಪತ್ರಿಕೆ. 1907ರ ಜೂನ್ 19, ಬುಧವಾರ, ರಾಯಪೇಟೆಯಿಂದ ಅಯೋತಿ ದಾಸರು ‘ಒರು ಪೈಸಾ ತಮಿಳನ್’ ಶುರು ಮಾಡಿದರು. ಬೆಲೆ ಹೆಸರಿನಲ್ಲೇ ಇದೆ, ಒಂದು ಪೈಸೆ. ಅಂದರೆ ಆಗಿನ ಕಾಲಾಣೆ. ಒಂದು ವರ್ಷದ ನಂತರ ಹೆಸರು ‘ತಮಿಳನ್’ ಎಂದಾಯಿತು.

ಅದರಲ್ಲಿ ಬುದ್ಧನ ಕತೆ ಧಾರಾವಾಹಿಯಾಗಿ ಬರುತ್ತಿತ್ತು. ದೇಶದ ಚರಿತ್ರೆಯನ್ನು ದಾಸರು ತಮ್ಮ ಕಣ್ಣಿನಿಂದ ಬರೆಯುತ್ತಿದ್ದರು. ಔಷಧದ ವಿಷಯ, ಓದುಗರ ಪ್ರಶ್ನೆಗೆ ಉತ್ತರ, ಶಾಖೆಗಳ ಸುದ್ದಿ ಇರುತ್ತಿತ್ತು. ಸ್ವದೇಶಿ ಚಳುವಳಿ ಜೋರಾಗಿದ್ದ ಕಾಲ ಅದು. ಊರ ಬಾವಿ ಮುಟ್ಟಲು ಬಿಡದವರು ಸ್ವರಾಜ್ಯ ಕೇಳುವುದು ಹೇಗೆ ಎಂದು ಪತ್ರಿಕೆ ನೇರವಾಗಿಯೇ ಕೇಳಿತು. ಕೆಜಿಎಫ್‌ನ ಕಾರ್ಮಿಕರು ಅದರ ಗಟ್ಟಿ ಚಂದಾದಾರರು. ಪತ್ರಿಕೆಗೆ ದುಡ್ಡಿನ ಕಷ್ಟ ಬಂದಾಗ ಹೆಗಲು ಕೊಟ್ಟವರೂ ಅವರೇ.

ಸಂಘದ ದಿನನಿತ್ಯದ ಕೆಲಸ ನೋಡಿದರೆ ‘ಧರ್ಮ’ ಎಂಬುದು ಅವರಿಗೆ ಏನಾಗಿತ್ತು ಎಂದು ಗೊತ್ತಾಗುತ್ತದೆ. ವಾರದ ಉಪನ್ಯಾಸ, ಓದು, ಚರ್ಚೆ. ಹುಣ್ಣಿಮೆಗೆ, ಬುದ್ಧ ಜಯಂತಿಗೆ ಸೇರುವುದು. ಪಂಚಶೀಲ ಹೇಳುವುದು. ಎಲ್ಲಕ್ಕಿಂತ ಮುಖ್ಯವಾಗಿ ನಾಮಕರಣ, ಮದುವೆ, ಸಾವಿನ ಕಾರ್ಯಗಳನ್ನು ತಾವೇ ಬೌದ್ಧ ಕ್ರಮದಲ್ಲಿ ಮಾಡಿಕೊಳ್ಳುವುದು. ಹೊರಗಿನ ಪುರೋಹಿತರ ಹಂಗಿಲ್ಲದೆ ತಮ್ಮ ಮನೆಯ ಮದುವೆಯನ್ನು ತಮ್ಮವರೇ ನಡೆಸಿಕೊಟ್ಟಾಗ ಆ ಲೈನಿನ ಜನಕ್ಕೆ ಏನನ್ನಿಸಿರಬಹುದು, ಯೋಚಿಸಿ ನೋಡಿ. ನನ್ನ ಪ್ರಕಾರ ಚಳುವಳಿಯ ಶಕ್ತಿ ತತ್ವಕ್ಕಿಂತ ಹೆಚ್ಚಾಗಿ ಇದ್ದದ್ದು ಇಲ್ಲೇ.

ಗಣತಿಯವರು ಬಂದಾಗ

1909ರ ಮಿಂಟೋ ಮಾರ್ಲೆ ಸುಧಾರಣೆಯಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಬಂತು, ಅಂದರೆ ಅವರ ಪ್ರತಿನಿಧಿಗಳನ್ನು ಅವರೇ ಮತ ಹಾಕಿ ಆರಿಸುವ ವ್ಯವಸ್ಥೆ. ಅಲ್ಲಿಂದ ಯಾವ ಧರ್ಮದವರು ಎಷ್ಟು ಎಂಬ ಲೆಕ್ಕ ರಾಜಕೀಯದ ಲೆಕ್ಕವೂ ಆಯಿತು. ಅಸ್ಪೃಶ್ಯರನ್ನು ಹಿಂದೂಗಳ ಲೆಕ್ಕಕ್ಕೆ ಸೇರಿಸಬೇಕೇ ಎಂಬ ಪ್ರಶ್ನೆ ಎದ್ದಿತು. 1911ರ ಗಣತಿಯ ಮುಖ್ಯಾಧಿಕಾರಿ ಗೇಟ್ 1910ರಲ್ಲಿ ಒಂದು ಸುತ್ತೋಲೆ ಹೊರಡಿಸಿದರು. ದೇವಸ್ಥಾನದ ಒಳಗೆ ಬಿಡುತ್ತಾರಾ, ಬ್ರಾಹ್ಮಣ ಪುರೋಹಿತರು ಇವರ ಮನೆಗೆ ಬರುತ್ತಾರಾ, ಮುಟ್ಟಿದರೆ ಮೈಲಿಗೆಯಾಗುತ್ತದಾ ಎಂಬಂಥ ಪ್ರಶ್ನೆಗಳ ಮೇಲೆ ಜಾತಿಗಳನ್ನು ಬೇರೆ ಗುರುತಿಸಿ ಎಂಬುದು ಅದರ ಸಾರ. ಗುಡಿಯ ಬಾಗಿಲು ಮುಚ್ಚಿದ್ದವರೂ ಈಗ, ಇವರೆಲ್ಲ ಹಿಂದೂಗಳೇ ಎಂದು ಪಟ್ಟು ಹಿಡಿದರು.

ದಾಸರ ಪತ್ರಿಕೆ ತನ್ನ ಓದುಗರಿಗೆ ಹೇಳಿದ್ದು ಒಂದೇ: ಗಣತಿಯಲ್ಲಿ ಬೌದ್ಧರೆಂದು ಬರೆಸಿ, ಜಾತಿಯ ಹೆಸರು ಹೇಳಬೇಡಿ. ಕೆಜಿಎಫ್‌ನಲ್ಲಿ ಹಾಗೆ ಬರೆಸಿದ ಮನೆಗಳಿದ್ದವು. ಕಂಪನಿಯ ರಿಜಿಸ್ಟರ್‌ನಲ್ಲಿ ಬರೀ ಕೂಲಿಯಾಗಿದ್ದ ಒಬ್ಬ ಮನುಷ್ಯ ಸರ್ಕಾರದ ಪುಸ್ತಕದಲ್ಲಿ ತಾನು ಯಾರೆಂದು ತಾನೇ ಹೇಳಿದ.

ಬೇರೆ ಕಡೆಯೂ ಇದೇ ಹುಡುಕಾಟ ನಡೆದಿತ್ತು. ಹೈದರಾಬಾದಿನಲ್ಲಿ ಭಾಗ್ಯರೆಡ್ಡಿ ವರ್ಮ, ಪಂಜಾಬಿನಲ್ಲಿ 1926ರಲ್ಲಿ ಆದ್ ಧರ್ಮ ಕಟ್ಟಿದ ಮಂಗೂ ರಾಮ್, ಎಲ್ಲರೂ ನಾವು ಈ ನೆಲದ ಮೊದಲಿಗರು ಎಂದರು. 1922ರಲ್ಲಿ ಎಂ.ಸಿ. ರಾಜಾ ಅವರ ಒತ್ತಾಯದಿಂದ ಮದ್ರಾಸ್ ಸರ್ಕಾರ ‘ಆದಿ ದ್ರಾವಿಡ’ ಎಂಬ ಹೆಸರನ್ನು ಒಪ್ಪಿತು. ಮೈಸೂರು ಸಂಸ್ಥಾನದಲ್ಲಿ ಅದೇ ದಶಕದಲ್ಲಿ ‘ಆದಿ ಕರ್ನಾಟಕ’ ಬಂತು. ಇವತ್ತು ಒಳಮೀಸಲಾತಿಯ ಚರ್ಚೆಯಲ್ಲಿ ಎಕೆ, ಎಡಿ ಎಂದರೆ ಯಾವ ಜಾತಿ ಎಂದು ಜನ ತಲೆ ಕೆಡಿಸಿಕೊಳ್ಳುತ್ತಾರಲ್ಲ, ಆ ಹೆಸರುಗಳು ಹುಟ್ಟಿದ್ದೇ ಜಾತಿಯ ಹೆಸರನ್ನು ಬಿಡಲಿಕ್ಕಾಗಿ.

ತಕರಾರುಗಳೂ ಇದ್ದವು

ಚಳುವಳಿಯನ್ನು ಗೌರವಿಸುವವರು ಅದರ ಕೊರತೆಯನ್ನೂ ಹೇಳಬೇಕು. ‘ಪಂಚಮ’ ಎಂಬ ಹೆಸರಿನಡಿ ಬೇರೆ ಕೆಲವು ಸಮುದಾಯಗಳ ಜೊತೆ ತಮ್ಮವರನ್ನು ಸೇರಿಸಿದ್ದಕ್ಕೆ ದಾಸರು ಆಕ್ಷೇಪ ಎತ್ತಿದ್ದರು. ಜಾತಿ ಬೇಡ ಎಂದವರ ಬರವಣಿಗೆಯಲ್ಲೂ ಉಳಿದ ದಲಿತ ಜಾತಿಗಳ ಬಗ್ಗೆ ಅಂತರ ಕಾಣುತ್ತದೆ. ಇದರ ಮೇಲೆ ಇವತ್ತಿಗೂ ಟೀಕೆ ಇದೆ, ಅದು ನ್ಯಾಯವಾದದ್ದೇ. ಬ್ರಿಟಿಷ್ ಸರ್ಕಾರದ ಮೇಲೆ ಅವರು ಇಟ್ಟ ನಂಬಿಕೆ ಕೂಡ ಪ್ರಶ್ನೆಗೆ ಒಳಗಾಗಿದೆ. ಸಂಘದ ಒಳಗೂ ಎಲ್ಲರೂ ಒಂದೇ ಥರ ಯೋಚಿಸುತ್ತಿರಲಿಲ್ಲ. ವಿಜ್ಞಾನದ ಪ್ರಾಧ್ಯಾಪಕರಾದ ಪಿ. ಲಕ್ಷ್ಮೀನರಸು ಅವರಿಗೆ ಬುದ್ಧ ಮುಖ್ಯವಾಗಿ ವಿಚಾರವಾದಿ. ದಾಸರಿಗೆ ಬುದ್ಧ ತಮ್ಮ ಜನರ ಕಳೆದುಹೋದ ಮನೆಯ ಹಿರಿಯ.

ಮುಂದೇನಾಯಿತು?

ಅಯೋತಿ ದಾಸರು 1914ರ ಮೇ 5ರಂದು ತೀರಿಕೊಂಡರು. ಪತ್ರಿಕೆ ಕುಂಟುತ್ತಾ ನಿಂತಿತು. ಅದಕ್ಕೆ ಮತ್ತೆ ಜೀವ ಕೊಟ್ಟದ್ದು ಕೆಜಿಎಫ್. 1926ರಲ್ಲಿ ಅಪ್ಪಾದುರೈಯಾರ್ ‘ತಮಿಳನ್’ ಅನ್ನು ಚಾಂಪಿಯನ್ ರೀಫ್‌ನಿಂದ ಹೊರತಂದರು. ಅಲ್ಲಿನ ಸಿದ್ಧಾರ್ಥ ಪುಸ್ತಕಶಾಲೆ ದಾಸರ ಬರಹಗಳನ್ನು ಪುಸ್ತಕವಾಗಿ ಅಚ್ಚು ಹಾಕಿತು. ಲಕ್ಷ್ಮೀನರಸು 1907ರಲ್ಲಿ ಇಂಗ್ಲಿಷಿನಲ್ಲಿ ಬೌದ್ಧ ಧರ್ಮದ ಬಗ್ಗೆ ಬರೆದ ಪುಸ್ತಕಕ್ಕೆ 1948ರಲ್ಲಿ ಮುನ್ನುಡಿ ಬರೆದು ಮತ್ತೆ ಹೊರತಂದವರು ಅಂಬೇಡ್ಕರ್. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಜನರೊಂದಿಗೆ ಬೌದ್ಧರಾದರು.

ಸ್ವತಂತ್ರ ಭಾರತದಲ್ಲಿ ಆ ಕಾಲಂಗೆ ಇನ್ನೊಂದು ಗಂಟು ಬಿತ್ತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮೀಸಲಾತಿ ಹಿಂದೂಗಳಿಗೆ ಮಾತ್ರ ಎಂದಾಯಿತು. ಪಂಜಾಬಿನ ನಾಲ್ಕು ಸಿಖ್ ಜಾತಿಗಳಿಗಷ್ಟೇ ವಿನಾಯಿತಿ. 1956ರಲ್ಲಿ ಎಲ್ಲ ದಲಿತ ಸಿಖ್ಖರನ್ನೂ ಸೇರಿಸಿದರು. ಬೌದ್ಧರ ಸರದಿ ಬಂದದ್ದು 1990ರಲ್ಲಿ. ನಡುವಿನ ನಲವತ್ತು ವರ್ಷ, ಬೌದ್ಧ ಎಂದು ಬರೆಸಿದರೆ ಮಗನ ಸೀಟು, ಮಗಳ ಕೆಲಸ ಕೈತಪ್ಪುವ ಭಯ. ಹಾಗಾಗಿ ಮನೆಯಲ್ಲಿ ಬುದ್ಧನ ಪಟ ಇಟ್ಟು ಕಾಗದದಲ್ಲಿ ಹಿಂದೂ ಎಂದು ಬರೆಸಬೇಕಾದ ಇಕ್ಕಟ್ಟು ದಲಿತ ಬೌದ್ಧರದ್ದಾಯಿತು. ಈಗ ಬೌದ್ಧ ಎಂದು ಬರೆಸಿ, ಜಾತಿಯ ಕಾಲಂನಲ್ಲಿ ಪರಿಶಿಷ್ಟ ಜಾತಿಯ ಹೆಸರು ಹೇಳಿದರೆ ಕೇಂದ್ರದ ಮೀಸಲಾತಿಯ ಹಕ್ಕು ಹೋಗುವುದಿಲ್ಲ. ದಲಿತ ಕ್ರೈಸ್ತರು ಮತ್ತು ದಲಿತ ಮುಸ್ಲಿಮರು ಮಾತ್ರ ಇನ್ನೂ ಆ ಪಟ್ಟಿಯ ಹೊರಗಿದ್ದಾರೆ. ಹೊಸದಾಗಿ ಯಾರನ್ನಾದರೂ ಸೇರಿಸಬೇಕೇ ಎಂದು ನೋಡಲು ಕೇಂದ್ರ ಸರ್ಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿತು.